ಗೋಡೆಗೊಂದು ವಿಮಾನ

ವಿರಾಜಪೇಟೆ ತಾಲೂಕಿನ ಬಿಟ್ಟಂಗಾಲದಲ್ಲಿ ಹೊಸ ಮನೆಯ ಹಜಾರಕ್ಕೋ ಹೋಮ್‌ಸ್ಟೇ ಕೋಣೆಗೋ ಹಳೆಯ ಯುದ್ಧವಿಮಾನದ ಕ್ಯಾನ್ವಾಸ್ ಚಿತ್ರ ಹಾಕಬೇಕೆಂದು ಯಾರಿಗಾದರೂ ಅನ್ನಿಸಿದರೆ ಅದರಲ್ಲಿ ಅಚ್ಚರಿಯೇನಿಲ್ಲ. ಸೇನಾನಿಗಳಾದ ಕಾರ್ಯಪ್ಪ, ತಿಮ್ಮಯ್ಯನವರ ಕೊಡಗು ಜಿಲ್ಲೆ ಇದು. ಸೈನ್ಯದ ನಂಟು ಇಲ್ಲಿನ ಮನೆಮನೆಗೂ ಇದೆ. ಆದರೆ ಮಾರಾಟಕ್ಕಿರುವ ಚಿತ್ರಗಳಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಅಮೆರಿಕದ ಮಸ್ಟ್ಯಾಂಗ್. ಇಂಗ್ಲೆಂಡಿನ ಕಡಲತೀರದ ಮೇಲೆ ಹಾರುವ ವಿಮಾನವೊಂದು ಕಾಫಿ ತೋಟದ ನಡುವಿನ ಗೋಡೆಗೆ ಬಂದು ಕೂರುವುದು ಹೀಗೆ. ಕೊಡಗಿನ ಗೋಡೆಯಲ್ಲಿ ಮೊದಲ ಜಾಗ ಸಿಗಬೇಕಾದದ್ದು ಮಿಸ್ಟೇರ್ ಯುದ್ಧವಿಮಾನಕ್ಕೆ, ಅದೂ ಕೆಳಗೆ ಹಾರಿಸಿದವರ ಹೆಸರು ಬರೆದು ಎಂಬುದು ನನ್ನ ವಾದ.

ಭಾರತ-ಪಾಕಿಸ್ತಾನ ಯುದ್ಧದ ನಡುವೆ, 1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಆದಂಪುರದಿಂದ ಹೊರಟ ಭಾರತೀಯ ವಾಯುಪಡೆಯ ಮಿಸ್ಟೇರ್‌ಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ಎರಗಿದವು. ಯಾವುದಾದರೂ ವಿಮಾನ ಕೈಕೊಟ್ಟರೆ ಇರಲೆಂದು ಮೀಸಲಾಗಿ ನಿಲ್ಲಿಸಿದ್ದವರಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರೂ ಇದ್ದರು. ಅವರು ದಾಳಿಯಲ್ಲಿ ಸೇರಿಕೊಂಡರು, ಹಿಂದಿರುಗಲಿಲ್ಲ. ಅವರಿಗೆ ಎದುರಾದದ್ದು ಪಾಕಿಸ್ತಾನದ ಸ್ಟಾರ್‌ಫೈಟರ್: ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾಗದ ಮಿಸ್ಟೇರ್‌ನಲ್ಲಿ ಕುಳಿತು, ಪೆಟ್ಟು ತಿಂದ ಮೇಲೂ ತಿರುಗಿ ಸೆಣಸಿ, ದೇವಯ್ಯ ಆ ಸ್ಟಾರ್‌ಫೈಟರನ್ನು ಉರುಳಿಸಿದರು. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ, ದೇವಯ್ಯ ಬದುಕಲಿಲ್ಲ. ಅಂದು ನಡೆದದ್ದನ್ನು ಈ ಕಡೆ ಹೇಳುವವರು ಯಾರೂ ಇರಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನಿ ವಾಯುಪಡೆಯ ಕಡೆಯಿಂದ ಆ ಯುದ್ಧದ ಕಥೆಯನ್ನು ಬರೆದ ಪುಸ್ತಕ 1979ರಲ್ಲಿ ಹೊರಬಂದ ಮೇಲೆ ಸಂಗತಿ ಬಯಲಾಗತೊಡಗಿತು. ದೇವಯ್ಯನವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಯುದ್ಧ ಮುಗಿದು 23 ವರ್ಷಗಳಾದ ಮೇಲೆ. ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಇಷ್ಟು ಕಾಲ ಮರೆವಿನಲ್ಲಿದ್ದ ವಿಮಾನವನ್ನು ನಮ್ಮ ಗೋಡೆಯೂ ಮರೆಯಬಾರದು.

ಅಂದಕ್ಕಾಗಿ ಹಾಕುವ ಚಿತ್ರಕ್ಕೆ ಇಷ್ಟೊಂದು ಇತಿಹಾಸದ ಹೊರೆ ಏಕೆ ಎಂದು ಕೇಳಬಹುದು. ಸ್ಪಿಟ್‌ಫೈರಿನ ರೆಕ್ಕೆಯ ಚೆಲುವನ್ನು ನಾನೂ ಅಲ್ಲಗಳೆಯುವುದಿಲ್ಲ. ಅದು ಪೂರ್ತಿ ಪರಕೀಯವೂ ಅಲ್ಲ. ಭಾರತೀಯ ಸ್ಕ್ವಾಡ್ರನ್‌ಗಳು ಬರ್ಮಾ ರಣರಂಗದಲ್ಲಿ ಅದನ್ನು ಹಾರಿಸಿವೆ, 1947ರಲ್ಲಿ ಕಾಶ್ಮೀರದಲ್ಲೂ ಬಳಸಿವೆ. ಹಾಗಿದ್ದರೆ ಆ ಸ್ಪಿಟ್‌ಫೈರನ್ನೇ ಹಾಕೋಣ. ಬರ್ಮಾದಲ್ಲಿ ಜಪಾನಿನ ಕೆಂಪು ಸೂರ್ಯನೆಂದು ತಪ್ಪು ತಿಳಿದು ನಮ್ಮವರೇ ಗುಂಡು ಹಾರಿಸಬಾರದೆಂದು ವಿಮಾನದ ಮೈಮೇಲಿನ ವೃತ್ತಚಿಹ್ನೆಯಿಂದ ಕೆಂಪು ಬಣ್ಣವನ್ನೇ ತೆಗೆದಿದ್ದರು. ಕೆಂಪಿಲ್ಲದ ಆ ನೀಲಿ ಚಿಹ್ನೆಯ ಸ್ಪಿಟ್‌ಫೈರ್ ಗೋಡೆಯಲ್ಲಿದ್ದರೆ ಅದರ ಬಗ್ಗೆ ಮಕ್ಕಳಿಗೆ ಹೇಳಲು ಒಂದು ಕಥೆಯಿರುತ್ತದೆ. ಹಂಟರ್ ಯುದ್ಧವಿಮಾನ ಕೂಡ ಆದೀತು: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ 1965ರಲ್ಲಿ ಪಾಕಿಸ್ತಾನದ ಸೆರೆಯಾದದ್ದು ಹಂಟರ್ ಹಾರಿಸುತ್ತಿದ್ದಾಗ. ಮಿಸ್ಟೇರೂ ಫ್ರಾನ್ಸಿನದಲ್ಲವೇ ಎನ್ನುವವರಿಗೆ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಮಾರುತ್ ಯುದ್ಧವಿಮಾನ ಇದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳುತನದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಅದು ಮೊದಲು ಹಾರಿತು, ಒಟ್ಟು 147 ತಯಾರಾದವು. ಒಳ್ಳೆಯ ಚಿತ್ರ ಸಿಗುವುದಿಲ್ಲವೆಂಬ ನೆಪವೂ ನಿಲ್ಲುವುದಿಲ್ಲ. ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮಾರುತ್, ದೆಹಲಿಯ ಪಾಲಂನಲ್ಲಿ ಮಿಸ್ಟೇರ್ ನಿಂತಿವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕೊಲ್ಲುವ ಯಂತ್ರವನ್ನು ಅಲಂಕಾರ ಮಾಡುವುದು ಯುದ್ಧದ ವೈಭವೀಕರಣವಲ್ಲವೇ? ಹೆಸರಿಲ್ಲದ, ಸೂರ್ಯಾಸ್ತದ ಬಣ್ಣದಲ್ಲಿ ಮಿಂದ ವಿಮಾನದ ಮಟ್ಟಿಗೆ ಈ ಮಾತು ನಿಜ. ಅಲ್ಲಿ ಸಾವೇ ಕಾಣುವುದಿಲ್ಲ. ಆದರೆ ಆಯುಧವನ್ನು ಮರ್ಯಾದೆಯಿಂದ ಮನೆಯೊಳಗಿಡುವ ಬಗೆ ಕೊಡವರಿಗೆ ಹೊಸದಲ್ಲ. ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಕೋವಿ, ಒಡಿಕತ್ತಿಗಳನ್ನು ದೀಪದ ಮುಂದಿಟ್ಟು ತೋಕ್‌ಪೂ ಹೂ ಮುಡಿಸುತ್ತಾರೆ. ನಾಟಿಯ ದಿನಗಳಲ್ಲಿ ಬದಿಗಿಟ್ಟಿದ್ದ ಆಯುಧವನ್ನು ಮತ್ತೆ ಕೈಗೆತ್ತಿಕೊಳ್ಳುವುದು ಕುಲದ ಪೂರ್ವಜರಾದ ಗುರುಕಾರೋಣರನ್ನು ನೆನೆದ ಮೇಲೆ. ಅಲ್ಲಿ ಕೋವಿ ಬರೀ ಕೋವಿಯಲ್ಲ, ಅದನ್ನು ಹಿಡಿದಿದ್ದ ಹಿರಿಯರ ಸಮೇತ ಇರುವಂಥದ್ದು. ಚಿತ್ರದ ವಿಮಾನಕ್ಕೂ ಇದೇ ನಿಯಮ ಸಾಕು. ಹಾರಿಸಿದವರ ಹೆಸರು, ಅವರು ಮರಳಲಿಲ್ಲವೆಂಬ ಮಾತು ಜೊತೆಗಿದ್ದರೆ ನೋಡುವವನಿಗೆ ಯುದ್ಧದ ಬೆಲೆಯೂ ತಿಳಿಯುತ್ತದೆ. ಅತಿಥಿಗಳಿಗೆ ಬೇಸರವಾದೀತೆಂದು ಆ ಸಾಲನ್ನು ಬಿಡುವುದು ನನಗೆ ಸರಿಕಾಣುವುದಿಲ್ಲ. ಐನ್‌ಮನೆಯ (ಕುಲದ ಮೂಲಮನೆಯ) ನೆಲ್ಲಕ್ಕಿ ನಡುಬಾಡೆ ಎಂಬ ನಡುಕೋಣೆಯಲ್ಲಿ ಮಾತ್ರ ಇದನ್ನು ಹಾಕಬಾರದು. ಆ ಜಾಗ ದೀಪದ್ದು, ಒಕ್ಕದ, ಅಂದರೆ ಕುಲದ, ಹಿರಿಯರದು.

ಮಳೆಯ ಸಂಗತಿಯೂ ಇದೆ. ಮಳೆಗಾಲದ ಕಕ್ಕಡ ತಿಂಗಳ ತೇವಕ್ಕೆ ಹತ್ತಿಯ ಕ್ಯಾನ್ವಾಸ್ ಬೇಗ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗಿಸದೆ ಒಳಗೋಡೆಗೆ ಹಾಕಿ, ಹಿಂದೆ ಗಾಳಿಯಾಡುವಷ್ಟು ಜಾಗ ಬಿಡುವುದು ಒಳ್ಳೆಯದು. ಮುದ್ರಿಸಲು ಕೊಡುವ ಮುನ್ನ ಚಿತ್ರದ ಕೆಳಗೆ ಒಂದು ಸಾಲು ಸೇರಿಸಲು ದಯವಿಟ್ಟು ಹೇಳಿ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, ಮಿಸ್ಟೇರ್, ಸರ್ಗೋಧಾ, 7 ಸೆಪ್ಟೆಂಬರ್ 1965.