ದಾರಿ ತಪ್ಪಿದ ಭಾನುವಾರ

ಪ್ರವಾಸವೆಂದರೆ ನೋಡಬೇಕಾದುದನ್ನು ನೋಡಿ ಹೊತ್ತಿಗೆ ಸರಿಯಾಗಿ ಮನೆ ಸೇರುವುದು ಎಂಬುದು ಕಿರಿಯರ ಮತ. ಹಿರಿಯರಿಗೆ ಹೊತ್ತಿನ ಪರಿವೆ ಕಡಮೆ. ಬಳ್ಳಾರಿಯ ಒಂದು ಸಂಸಾರದಲ್ಲಿ ಈ ಮತಭೇದ ಶ್ರಾವಣದ ಒಂದು ಭಾನುವಾರ ಬೆಳಗಾಗುತ್ತಲೇ ತಲೆಯೆತ್ತಿತು. ಬೆಂಗಳೂರಿನಿಂದ ಬಂದಿದ್ದ ಮಗ ಮೂರೇ ಹೆಸರು ಗುರುತು ಹಾಕಿಕೊಂಡಿದ್ದ: ಕೋಟೆಗುಡ್ಡ, ಸಿರುಗುಪ್ಪದ ಬಳಿಯ ಕೆಂಚನಗುಡ್ಡ, ಕುರುಗೋಡು.

ಕೋಟೆಯ ಮೆಟ್ಟಿಲುಗಳ ಮೇಲೆ ಆಗಲೇ ಜಾತ್ರೆ ನೆರೆದಿತ್ತು. ಅರ್ಧ ಹತ್ತಿ ಕುಳಿತ ಹಿರಿಯರು ಎದುರಿನ ಕುಂಬಾರಗುಡ್ಡವನ್ನು ತೋರಿಸಿ ಮೊಮ್ಮಗನಿಗೆ ಹಳೆಯ ಐತಿಹ್ಯವನ್ನು ಹೇಳಿದರು. ಹೈದರಾಲಿ ಕೋಟೆಯನ್ನು ಭದ್ರಪಡಿಸಿದ ಮೇಲೆ, ಆ ಗುಡ್ಡ ಇದಕ್ಕಿಂತ ಎತ್ತರವೆಂಬುದು ಹೊಳೆದು, ಫ್ರೆಂಚ್ ಇಂಜಿನಿಯರನನ್ನು ಗಲ್ಲಿಗೇರಿಸಿದನಂತೆ.

“ಹೈದರನಿಗೂ ಕಣ್ಣಿದ್ದವಲ್ಲ ತಾತ?” ಎಂದ ಹುಡುಗ. ಅದಕ್ಕೆ ಐತಿಹ್ಯದಲ್ಲಿ ಉತ್ತರವಿಲ್ಲ.

ಕೆಳಗಿಳಿದ ಮೇಲೆ ಹಿರಿಯರು ಕಾರನ್ನು ಸಂಗನಕಲ್ಲಿನ ಕಡೆಗೆ ತಿರುಗಿಸಿದರು. ಅಲ್ಲಿ ಕರಿಬಂಡೆಗಳ ಮೇಲೆ ನವಶಿಲಾಯುಗದ ಜನ ಮೂಡಿಸಿದ ಗೂಳಿಗಳಿವೆ. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯ ನಾದ ಹೊರಡುತ್ತದೆ. ಹುಡುಗ ಮೆಲ್ಲಗೆ ತಟ್ಟಿ, ಕಿವಿಯಿಟ್ಟು ಕೇಳಿ, ಮತ್ತೆ ತಟ್ಟಿದ. ಕೋಟೆಯ ಮೇಲೆ ಕಾಲಿಡಲು ತೆರಪಿರಲಿಲ್ಲ. ಸಾವಿರಾರು ವರ್ಷಗಳ ಈ ಗಂಟೆಯನ್ನು ಕೇಳಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಮಗ ಮಾತ್ರ ಗಡಿಯಾರ ನೋಡಿದ.

ತೆಕ್ಕಲಕೋಟೆಯಲ್ಲಿ ಒಗ್ಗರಣೆ, ಮಿರ್ಚಿಯಾಯಿತು. ಎಂ. ಎಸ್. ನಾಗರಾಜರಾಯರು 1963-64ರಲ್ಲಿ ಅಲ್ಲಿ ಉತ್ಖನನ ನಡೆಸಿದ ಸಂಗತಿಯನ್ನು ಹಿರಿಯರು ಎತ್ತಿದರು. ಮಿರ್ಚಿ ಬಿಸಿಯಾಗಿದ್ದುದರಿಂದ ಯಾರೂ ಕೇಳಲಿಲ್ಲ.

ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಕೆಂಚನಗುಡ್ಡದಲ್ಲಿ ತುಂಗಭದ್ರೆ ಕೆಂಪಾಗಿ, ಮೈತುಂಬಿ, ಬಂಡೆಗಳನ್ನು ಸುತ್ತಿ ಹರಿಯುತ್ತಿದ್ದಳು. ಆದರೆ ಹೊಳೆಯನ್ನು ಕಾಣಬೇಕಾದರೆ ಜನರ ಬೆನ್ನುಗಳ ಸಂದಿಯಲ್ಲಿ ಇಣುಕಬೇಕಾಗಿತ್ತು. ಹೊಳೆಗೆ ಬೆನ್ನು ತಿರುಗಿಸಿ ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುತ್ತಿದ್ದವರೇ ಬಹಳ. ಸೊಸೆಗೆ ಬುತ್ತಿ ಬಿಚ್ಚಲು ಒಂದು ಮೊಳ ಜಾಗ ಸಿಗಲಿಲ್ಲ.

“ಇಲ್ಲೇ ಒಂದು ದಾರಿ ಐತಿ, ನಡೀರಿ,” ಎಂದರು ಹಿರಿಯರು.

ಆ ದಾರಿ ಕಾಲುವೆಯ ಏರಿಯ ಮೇಲೆ ಕುಲುಕುತ್ತ ಸಾಗಿತು. ವಿಜಯನಗರದ ಅರಸರ ಕಾಲದಿಂದ ಹರಿದು ಬಂದಿರುವ ಕಾಲುವೆ ಅದು. ಅದರ ನೀರುಣ್ಣುವ ಭೂಮಿಗೆ ಮಾಗಾಣಿ ಎನ್ನುತ್ತಾರೆ. ಒಂದು ಬೇವಿನ ಮರದ ಬಳಿ ಕಾರು ನಿಂತಿತು. ಗದ್ದೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಬಾಗಿ ಭತ್ತದ ಸಸಿ ನೆಡುತ್ತಿದ್ದರು. ಬದುವಿನ ಮೇಲೆ ಬುತ್ತಿ ಬಿಚ್ಚಿತು. ಹಿರಿಯರು ಉಣ್ಣಲು ಕೂಡಲಿಲ್ಲ. ಚಪ್ಪಲಿ ಬಿಟ್ಟು, ಧೋತರವನ್ನು ಎತ್ತಿ ಕಟ್ಟಿ, ಮೊಣಕಾಲ ಮಟ್ಟ ಕೆಸರಿಗಿಳಿದು ನಿಂತರು.

“ಇದು ಯಾರ ಗದ್ದೆ, ತಾತ?”

“ನಾಳೆ ಮಟ ನಮ್ಮದು.”

ಸೋಮವಾರ ಸಿರುಗುಪ್ಪದಲ್ಲಿ ಕ್ರಯಪತ್ರದ ನೋಂದಣಿ. ಬೆಂಗಳೂರಿನ ಮನೆಯ ಸಾಲಕ್ಕಾಗಿ ಎರಡು ಎಕರೆ ಮಾಗಾಣಿ ಹೋಗುವುದೆಂದು ಎರಡು ತಿಂಗಳ ಹಿಂದೆಯೇ ತೀರ್ಮಾನವಾಗಿತ್ತು. ಹಿರಿಯರು ಒಂದು ಮಾತೂ ಆಡದೆ ಒಪ್ಪಿದ್ದರು. ಗದ್ದೆಯನ್ನು ಒಮ್ಮೆ ನೋಡಬೇಕೆಂದೂ ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಮಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಳಿಸಿದ. ಸೊಸೆ ಎದ್ದು ಹೋಗಿ ನೀರಿನ ತಂಬಿಗೆಯನ್ನು ಬದುವಿನ ಅಂಚಿಗಿಟ್ಟಳು: “ಕಾಲು ತೊಳ್ಕೊಂಡು ಬರ್ರಿ ಮಾವ, ಅನ್ನ ಆರ್ತದ.”

ಕುರುಗೋಡು ತಲಪುವಾಗ ಸಂಜೆಯಾಗಿತ್ತು. ಏಕಶಿಲೆಯ ದೊಡ್ಡ ಬಸವಣ್ಣನೆದುರು ಹುಡುಗ, ಇದನ್ನೂ ತಟ್ಟಬಹುದೇ ಎಂದು ಕೇಳಿ ಬೈಸಿಕೊಂಡ. ಸುತ್ತಣ ಗುಂಡುಗಲ್ಲಿನ ಬೆಟ್ಟಗಳ ಮೇಲೆ ಬೆಳಕು ಇಳಿಯುತ್ತಿತ್ತು.

ಹೊರಡುವಾಗ ಮಗ ತಗ್ಗಿದ ದನಿಯಲ್ಲಿ ಕೇಳಿದ: “ಅಪ್ಪಾ, ನಾಳೆ ಎಷ್ಟೊತ್ತಿಗೆ ಬಿಡೋಣ?”

“ಎಂಟಕ್ಕೆ ಬಿಟ್ಟರ ಸಾಕು. ನಾಳೆ ಎಲ್ಲೂ ತಿರುಗಿಸೋದು ಬ್ಯಾಡ, ನೆಟ್ಟಗೆ ಹೋಗಾಣ.”