ಗೇಟು ಮುಚ್ಚುವುದರೊಳಗೆ

ಕಣ್ಣು ತೆರೆಯಬೇಡಿ. ಮೊದಲು ಕಿವಿಗೊಡಿ. ವಠಾರದ ಕೊನೆಯ ನಲ್ಲಿ ಬುಸುಗುಟ್ಟುತ್ತ ಗಾಳಿ ಉಗುಳುತ್ತಿದೆ. ಅದರ ಹಿಂದೆಯೇ ಯಾರದೋ ಪ್ಲಾಸ್ಟಿಕ್ ಕೊಡ ಸಿಮೆಂಟಿನ ಮೇಲೆ ಉರುಳಿದ ಸದ್ದು. ಬೆಂಗಳೂರಿನ ಲಗ್ಗೆರೆಯಲ್ಲಿ ಬೆಳಗಿನ ಜಾವ ನಾಲ್ಕೂವರೆ. ದಿನ ಬಿಟ್ಟು ದಿನ ಬರುವ ಕಾವೇರಿ ನೀರು, ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯ ಪಂಪುಗಳಿಂದ ಹೊರಟು, ಏರು ಹತ್ತಿ ನಿಮ್ಮ ಬಾಗಿಲಿಗೆ ಬಂದಿದೆ. ಯಾವಾಗ ನಿಲ್ಲುತ್ತದೋ ಹೇಳುವಂತಿಲ್ಲ.

‘ನೀರು ಬಂದೈತೆ, ಏಳವ್ವ’ ಎನ್ನುತ್ತಾರೆ ಕತ್ತಲಲ್ಲೇ ಅತ್ತೆ.

ಏಳಹೊರಟ ನಿಮ್ಮ ಮೊಣಕೈಗೆ ಬಿಸಿ ತಾಗುತ್ತದೆ. ಪಕ್ಕದಲ್ಲಿ ಮಗ, ಏಳು ವರ್ಷದವನು. ಹಣೆ ಮುಟ್ಟುವ ಮೊದಲೇ ನಿಮಗೆ ಗೊತ್ತಾಗಿಬಿಡುತ್ತದೆ. ಜ್ವರದ ಉಸಿರಿಗೆ ಒಂದು ಹುಳಿ ವಾಸನೆಯಿದೆ. ಹೊಟ್ಟೆಯೊಳಗೆ ಏನೋ ಕುಸಿಯುತ್ತದೆ. ತಲೆ ಮಾತ್ರ ಆಗಲೇ ಲೆಕ್ಕಕ್ಕೆ ಕೂತಿದೆ. ಎಸ್ಸೆಸ್ಸೆಲ್ಸಿ ಮಗಳಿಗೆ ಎಂಟಕ್ಕೆ ಸ್ಪೆಷಲ್ ಕ್ಲಾಸು. ಸೆಕ್ಯುರಿಟಿ ಕೆಲಸದ ಗಂಡ ನೈಟ್ ಶಿಫ್ಟ್ ಮುಗಿಸಿ ಮನೆ ಸೇರುವುದು ಏಳೂವರೆಗೆ. ಪೀಣ್ಯದ ಗಾರ್ಮೆಂಟ್ಸ್ ಗೇಟು ಮುಚ್ಚುವುದು ಒಂಬತ್ತಕ್ಕೆ.

ನೀರು ಮೊದಲೋ, ಔಷಧಿ ಮೊದಲೋ? ಹೊರಗೆ ಕೊಡಗಳು ಸಾಲುಗಟ್ಟುತ್ತಿವೆ. ಈಗ ಸರದಿ ತಪ್ಪಿದರೆ ಎರಡು ದಿನ ಟ್ಯಾಂಕರಿನವನ ಮುಂದೆ ಕೈಚಾಚಬೇಕು. ‘ಕೊಡ ಇಟ್ಟು ಬಾ’ ಎಂದು ಮಗಳನ್ನು ಎಬ್ಬಿಸುತ್ತೀರಿ. ರಾತ್ರಿ ಹನ್ನೊಂದರವರೆಗೆ ಲೆಕ್ಕ ಬಿಡಿಸುತ್ತಿದ್ದವಳು, ಕಣ್ಣು ಮುಚ್ಚಿಕೊಂಡೇ ಎದ್ದು ಹೋಗುತ್ತಾಳೆ. ಅದೊಂದು ನಿಮಗೆ ಚುಚ್ಚುತ್ತದೆ.

ಗೂಡಿನಲ್ಲಿ ಎರಡು ಬಾಟಲಿಗಳಿವೆ. ಎರಡೂ ಪ್ಯಾರಾಸಿಟಮಾಲ್, ಬಣ್ಣ ಒಂದೇ, ಕಿತ್ತಳೆ ವಾಸನೆಯೂ ಒಂದೇ. ಮೊಬೈಲಿನ ಟಾರ್ಚು ಹಾಕಿ ನೋಡಬೇಕು. ಒಂದರಲ್ಲಿ ಐದು ಎಂ.ಎಲ್.ಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 250. ಹೋದ ಸಲ ಡಾಕ್ಟರು ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಇಪ್ಪತ್ತು ಕಿಲೋ ನೋಡಿ, 250ರದ್ದು ಐದು ಎಂ.ಎಲ್., ಆರು ಗಂಟೆಯೊಳಗೆ ಮತ್ತೆ ಕೊಡಬಾರದು ಎಂದು ಬರೆದುಕೊಟ್ಟಿದ್ದರು. ಬೆರಳು ನಡುಗದಂತೆ ಅಳೆದು ಕುಡಿಸುತ್ತೀರಿ. ನಾಲ್ಕು ಮುಕ್ಕಾಲು. ಹಾಗಾದರೆ ಮುಂದಿನದು ಹತ್ತೂ ಮುಕ್ಕಾಲಿಗೆ, ನೀವು ಮಷೀನಿನ ಮುಂದೆ ಬಾಗಿ ಕೂತಿರುವ ಹೊತ್ತಿಗೆ.

ಒಲೆಯ ಮೇಲೆ ಸಾಸಿವೆ ಸಿಡಿಯುತ್ತದೆ. ಒಗ್ಗರಣೆಯ ಘಾಟಿಗೆ ಮಗ ನಿದ್ದೆಯಲ್ಲೇ ಕೆಮ್ಮುತ್ತಾನೆ. ಮಗಳಿಗೆ ಡಬ್ಬಿ ಬೇಡ, ಸರ್ಕಾರಿ ಹೈಸ್ಕೂಲಿನಲ್ಲಿ ಬಿಸಿಯೂಟವಿದೆ. ಆ ಊಟದಿಂದ ನಿಮ್ಮ ಬೆಳಗಿನಲ್ಲಿ ಉಳಿಯುವ ಹೊತ್ತು ಎಷ್ಟೆಂಬುದು ಅನ್ನ ಬೇಯಿಸುವವರಿಗೇ ಗೊತ್ತು. ಅತ್ತೆಯ ಬಿಪಿ ಮಾತ್ರೆ ಮುಗಿದಿದೆ. ಗೃಹಲಕ್ಷ್ಮಿಯ 2000 ರೂಪಾಯಿ ಅವರ ಖಾತೆಗೇ ಬರುತ್ತದೆ; ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅವರು. ಈ ಸಲದ್ದು ಬಂತೇ ಎಂದು ಕೇಳಬೇಕು, ಕೇಳಿದಂತೆ ಕಾಣಬಾರದು.

ಸೌಟು ತಿರುಗಿಸುತ್ತಲೇ ಯೋಚಿಸುತ್ತೀರಿ: ರಜೆ ಹಾಕಿಬಿಡಲೇ? ಹೋಗುವುದು ಒಂದು ದಿನದ ಸಂಬಳವಷ್ಟೇ ಅಲ್ಲ, ತಿಂಗಳ ಹಾಜರಾತಿ ಬೋನಸ್ಸೂ ಹೋಗುತ್ತದೆ. ಮಗಳ ಪರೀಕ್ಷೆಯ ದಿನ ರಜೆ ಕೇಳಲು ಸೂಪರ್‌ವೈಸರ್ ಮುಂದೆ ಮುಖವಿರುವುದಿಲ್ಲ. ಮಗ ಕಣ್ಣು ಬಿಟ್ಟು, ‘ಅಮ್ಮಾ, ಇವತ್ತು ಹೋಗ್ತೀಯಾ?’ ಎನ್ನುತ್ತಾನೆ. ನೀವು ಉತ್ತರ ಕೊಡುವುದಿಲ್ಲ, ಗಂಜಿ ಆರಿಸುತ್ತೀರಿ.

ಗಂಡ ಬರುತ್ತಾನೆ. ರಾತ್ರಿಯಿಡೀ ಮಡಚದ ಕಾಲು, ಕೆಂಪಗಿನ ಕಣ್ಣು. ಔಷಧಿ ಯಾವುದು, ಎಷ್ಟು, ಯಾವಾಗ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತೀರಿ. ಆತ ತಲೆಯಾಡಿಸುತ್ತಾನೆ. ಕೇಳಿಸಿಕೊಂಡಿಲ್ಲ ಎಂದು ಆ ತಲೆಯಾಡಿಸುವಿಕೆಯಲ್ಲೇ ಗೊತ್ತಾಗುತ್ತದೆ. ಆದರೆ ಎಂಟೂ ಹತ್ತರ ಬಸ್ಸು ನಿಲ್ಲುವುದಿಲ್ಲ.

ಈಗ ನೀವು ಬಸ್ಸಿನ ಮೆಟ್ಟಿಲಿನಲ್ಲಿದ್ದೀರಿ. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ಟಿನ ಕಾಸಿಲ್ಲ, ಕಾಲಿಡಲು ಜಾಗವೂ ಇಲ್ಲ. ಯಾರದೋ ಡಬ್ಬಿಯ ಮೂಲೆ ಪಕ್ಕೆಲುಬಿಗೆ ಒತ್ತುತ್ತಿದೆ. ಮಲ್ಲಿಗೆ, ಬೆವರು, ಕೊಬ್ಬರಿ ಎಣ್ಣೆ, ಡೀಸೆಲ್ಲು. ಗೊರಗುಂಟೆಪಾಳ್ಯದಲ್ಲಿ ಬಸ್ಸು ನಿಂತೇ ಬಿಡುತ್ತದೆ. ಲಾರಿಗಳು, ಹಾರನ್ನು. ಎದೆಗವಚಿದ ಬ್ಯಾಗಿನೊಳಗೆ ಫೋನು ಗುರುಗುಟ್ಟುತ್ತದೆ.

‘ಲೇ, ಎರಡು ಬಾಟ್ಲಿ ಐತಲ್ಲ, ಯಾವ್ದು ಹಾಕ್ಲಿ? ಮೈ ಇನ್ನೂ ಸುಡ್ತೈತೆ.’

‘ಈಗ ಬೇಡ ರೀ! ಹತ್ತೂ ಮುಕ್ಕಾಲಿಗೆ...’

ಸದ್ದಿಲ್ಲ. ಕಟ್ಟಾಗಿದೆ. ಕೇಳಿತೋ ಇಲ್ಲವೋ. ಮತ್ತೆ ಒತ್ತುತ್ತೀರಿ. ಬಿಜಿ. ಮತ್ತೆ. ಸ್ವಿಚ್ ಆಫ್. ಅವನ ಬ್ಯಾಟರಿ! ಚಾರ್ಜಿಗೆ ಹಾಕಿ ಎಂದು ಹೇಳಿರಲಿಲ್ಲ. ಬಾಯಿ ಒಣಗುತ್ತದೆ. ಮುಚ್ಚಳ ತೆಗೆದನೇ? ಸುರಿದನೇ? ಎಷ್ಟು ಸುರಿದ? ಇಳಿದು ಓಡಿದರೆ ಮನೆಗೆ ಅರ್ಧ ಗಂಟೆ. ಗೇಟಿಗೆ ಹದಿನೈದು ನಿಮಿಷ. ಕಾಲು ಎರಡು ದಿಕ್ಕಿಗೂ ಎಳೆಯುತ್ತದೆ.

ಎದುರು ಮನೆ ಅಕ್ಕ! ಅವರ ನಂಬರು ಇದೆ. ರಿಂಗಾಗುತ್ತಿದೆ. ಎತ್ತಿ, ಅಕ್ಕಾ, ಎತ್ತಿ. ‘ಅಕ್ಕಾ, ಒಂದ್ಸಲ ನಮ್ಮನೇಗೆ ಓಡಿ.’ ಚಪ್ಪಲಿಯ ಪಟಪಟ ಫೋನಿನಲ್ಲೇ ಕೇಳುತ್ತದೆ. ಬಾಗಿಲು ಬಡಿದ ಸದ್ದು. ಆಮೇಲೆ ದೂರದಿಂದ ಅತ್ತೆಯ ದನಿ: ‘ಕೊಟ್ಟಿಲ್ಲ ಕಣವ್ವ. ಬಾಟ್ಲಿ ಹಿಡ್ಕೊಂಡು ಕೂತವ್ನೆ.’

ಮಂಡಿ ಸಡಿಲಾಗುತ್ತದೆ. ಹೊತ್ತು, ಅಳತೆ, ಬಾಟಲಿ ಮೂರನ್ನೂ ಅಕ್ಕನಿಗೆ ಹೇಳಿ, ವಾಪಸ್ಸು ಹೇಳಿಸಿಕೊಳ್ಳುತ್ತೀರಿ. ಎಂಟೂ ಐವತ್ತೇಳಕ್ಕೆ ಗೇಟು ದಾಟುತ್ತೀರಿ. ಫೋನು ಬಾಗಿಲಲ್ಲೇ ಇಟ್ಟು ಹೋಗಬೇಕು. ಇನ್ನು ಸಂಜೆಯವರೆಗೆ ಮನೆಯ ಸುದ್ದಿ ಇಲ್ಲ.

ಫ್ಲೋರಿನಲ್ಲಿ ಮಷೀನುಗಳು ಒಟ್ಟಿಗೆ ಗರ್ಜಿಸುತ್ತವೆ. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಅಂಟುತ್ತದೆ. ನೀವು ಅಂಗಿಗೆ ತೋಳು ಜೋಡಿಸುತ್ತೀರಿ. ಈ ಗಂಟೆಯ ಟಾರ್ಗೆಟ್ ಬೋರ್ಡಿನ ಮೇಲಿದೆ. ಗೋಡೆ ಗಡಿಯಾರ ಹತ್ತೂ ಮುಕ್ಕಾಲು ತೋರಿಸಿದಾಗ ಪೆಡಲಿನಿಂದ ಒಂದು ಕ್ಷಣ ಕಾಲು ತೆಗೆಯುತ್ತೀರಿ. ‘ಏನಾಯ್ತು?’ ಎನ್ನುತ್ತಾನೆ ಸೂಪರ್‌ವೈಸರ್. ಏನೂ ಇಲ್ಲ ಎಂದು ಪೆಡಲ್ ಒತ್ತುತ್ತೀರಿ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಇಂಥ ದಿನಗಳನ್ನೂ ಅಳೆದಿದೆ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಅದೂ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ ಮಾತ್ರ; ಕೈಯನ್ನೇ ಹಾಕದವರು ಆ ಸರಾಸರಿಯಲ್ಲಿ ಇಲ್ಲ. ಅಂಗಿಗೆ ತೋಳು ಹಚ್ಚುತ್ತಲೇ ಔಷಧಿಯ ಹೊತ್ತು ಕಾಯುವ ಕೆಲಸ ಯಾರ ನಿಮಿಷಕ್ಕೆ ಸೇರುತ್ತದೆ?

ಇದನ್ನು ಓದುತ್ತಿರುವ ಅಪ್ಪಂದಿರೇ, ನಿಮ್ಮ ಮಗುವಿನ ತೂಕ ಎಷ್ಟು, ಜ್ವರದ ಔಷಧಿ ಯಾವುದು, ಎಷ್ಟು ಎಂ.ಎಲ್., ಎಷ್ಟು ಗಂಟೆಗೊಮ್ಮೆ? ಗೊತ್ತಿಲ್ಲದಿದ್ದರೆ ಪತ್ರಿಕೆ ಕೆಳಗಿಟ್ಟು, ಹೋಗಿ ಕೇಳಿಕೊಂಡು ಬನ್ನಿ.