ಬಿಸಿಲಿಗೆ ಬಂದ ಹಾಸಿಗೆ

ಮೊದಲು ಸೊಳ್ಳೆ ಎಂದುಕೊಂಡೆವು. ಆಮೇಲೆ ನಂಜಿರಬೇಕೆಂದು ಬದನೆಕಾಯಿ ಬಿಟ್ಟೆವು. ಮಗಳ ತೋಳಿನ ಮೇಲೆ ಮೂರು ಕೆಂಪು ದದ್ದು ಸಾಲಾಗಿ ಎದ್ದಾಗ ಮುಲಾಮು ಬಂತು, ಅಲರ್ಜಿ ಎಂಬ ಹೆಸರೂ ಬಂತು. ಸೊಳ್ಳೆ ಹೀಗೆ ಪಂಕ್ತಿ ಹಿಡಿದು ಊಟ ಮಾಡುವುದಿಲ್ಲವಲ್ಲ ಎಂದು ನನಗೆ ಹೊಳೆಯಲು ಹದಿನೈದು ದಿನ ಬೇಕಾಯಿತು. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಹಾಸಿಗೆಯ ಅಂಚಿನ ಹೊಲಿಗೆ ಬಿಡಿಸಿ ನೋಡಿದೆ. ಶಾಯಿ ಪೆನ್ನಿನ ಮೊನೆ ತಾಗಿಸಿದಂಥ ಕಪ್ಪು ಚುಕ್ಕೆಗಳು, ಈರುಳ್ಳಿ ಸಿಪ್ಪೆಯಂಥ ಕಳಚಿದ ಪೊರೆಗಳು, ನಡುವೆ ಸೇಬಿನ ಬೀಜದಷ್ಟು ಗಾತ್ರದ ಚಪ್ಪಟೆ ಯಜಮಾನ. ಒರೆಸಿದ ಬೆರಳಿನ ವಾಸನೆ ನನ್ನನ್ನು ನಲವತ್ತು ವರ್ಷ ಹಿಂದಕ್ಕೆ ಎಳೆದೊಯ್ಯಿತು.

ಹಾಸನದ ಕಡೆಯ ನಮ್ಮೂರಲ್ಲಿ ತಿಗಣೆ ಗುಟ್ಟಿನ ವಿಷಯವಾಗಿರಲಿಲ್ಲ. ಭಾನುವಾರ ಅಜ್ಜಿ ಹಂಡೆಗೆ ಉರಿ ಹಾಕಿದಳೆಂದರೆ ಮಂಚಗಳು ಅಂಗಳಕ್ಕೆ ಬರುತ್ತಿದ್ದವು. ಕಾಲುಗಳನ್ನು ಕಲ್ಲಿಗೆ ಕುಟ್ಟುವುದು, ಸಂದುಸಂದಿಗೆ ಚೊಂಬಿನಲ್ಲಿ ಕುದಿನೀರು ಹೊಯ್ಯುವುದು, ಕೊನೆಗೆ ಸೀಮೆಣ್ಣೆ ಸವರುವುದು. ಬೀದಿಯಲ್ಲಿ ಹೋಗುವವರು "ಎಷ್ಟು ಬಿದ್ವಮ್ಮಾ?" ಎಂದು ಕೇಳಿದರೆ "ನಿಮ್ಮನೇಗಿಂತ ಕಮ್ಮಿ ಕಣಪ್ಪ" ಎನ್ನುವಳು. ವಿಷ್ಣು ಹಾಲ್ಗಡಲಿಗೆ, ಶಿವ ಹಿಮಾಲಯಕ್ಕೆ ಮಲಗಲು ಹೋದದ್ದು ತಿಗಣೆಯ ಭಯಕ್ಕೇ ಎಂಬ ಹಳೆಯ ಸಂಸ್ಕೃತ ಚಾಟುಶ್ಲೋಕ ಅಜ್ಜನಿಗೆ ಸರಿಯಾಗಿ ಆಗಲೇ ನೆನಪಾಗುತ್ತಿತ್ತು. ಅಜ್ಜಿ ಉತ್ತರವಾಗಿ ಅವನ ಕೈಗೊಂದು ಚೊಂಬು ಕೊಡುವಳು.

ಅದಕ್ಕೂ ಮೊದಲು ಡಿಡಿಟಿಯ ಕಾಲ ಬಂದುಹೋಗಿತ್ತಂತೆ. ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ಪಂಪು ಹೊತ್ತು ಬಂದವರು ಗೋಡೆಗೆ ಹೊಡೆದದ್ದು ಸೊಳ್ಳೆಗೆ. ಅಜ್ಜಿ ಬಾಗಿಲು ತೆರೆದದ್ದು ಮಾತ್ರ ತಿಗಣೆ ಸಾಯುತ್ತದೆಂದು. ಕೆಲವು ವರ್ಷ ನೆಮ್ಮದಿಯಾಗಿ ಮಲಗಿದರಂತೆ. ಆಮೇಲೆ ಗೋಡೆಗೆ ಹೊಡೆದರೂ ತಿಗಣೆಗಳು ಕೇರ್ ಮಾಡಲಿಲ್ಲ. ಡಿಡಿಟಿಯ ಕೀಟನಾಶಕ ಗುಣ ಕಂಡುಹಿಡಿದ ಪಾಲ್ ಮುಲ್ಲರ್‌ಗೆ ನೊಬೆಲ್ ಸಿಕ್ಕಿದ್ದು 1948ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ ಹವಾಯಿಯ ಪರ್ಲ್ ಹಾರ್ಬರ್‌ನ ತಿಗಣೆಗಳು ಅದನ್ನು ಅರಗಿಸಿಕೊಂಡಿದ್ದವು! ಬಾವಲಿಗಳಿಗಿಂತಲೂ ಹಳೆಯ, ಡೈನೋಸಾರ್‌ಗಳ ಕಾಲದ ವಂಶವಿದು ಎಂದು 2019ರ ಒಂದು ಅಧ್ಯಯನ ಹೇಳುತ್ತದೆ. ಅಂಥ ಮನೆತನಕ್ಕೆ ನಮ್ಮ ಪುಡಿ ಯಾವ ಲೆಕ್ಕ?

ಬಾಲ್ಕನ್ ನಾಡಿನವರದು ಇನ್ನೂ ಸೊಗಸು. ರಾತ್ರಿ ಮಂಚದ ಸುತ್ತ ಬೀನ್ಸ್ ಎಲೆ ಹರಡಿ, ಬೆಳಗ್ಗೆ ಗುಡಿಸಿ ಸುಡುತ್ತಿದ್ದರು. ಎಲೆಯ ಮೇಲಿನ ಕೊಕ್ಕೆಯಂಥ ಸಣ್ಣ ರೋಮಗಳು ತಿಗಣೆಯ ಕಾಲನ್ನು ಚುಚ್ಚಿ ಹಿಡಿಯುತ್ತವೆ ಎಂದು 2013ರಲ್ಲಿ ಅಮೆರಿಕದ ವಿಜ್ಞಾನಿಗಳು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಹುರುಳಿಕಾಯಿ ಪಲ್ಯ ಮಾಡುವಾಗಲೆಲ್ಲ ಈಗ ನನಗೆ ಎಲೆಯದೇ ಚಿಂತೆ.

ಆದರೆ ಇದು ಅಪಾರ್ಟ್‌ಮೆಂಟು. ಇಲ್ಲಿ ಕುಟ್ಟುವಂತಿಲ್ಲ, ಕೂಗುವಂತಿಲ್ಲ. ತಿಗಣೆ ಬಂದದ್ದು ಮಗಳ ಪಿಜಿಯ ಬ್ಯಾಗಿನಲ್ಲಿ. ಕೊಳಕಿಗೂ ಅದಕ್ಕೂ ಸಂಬಂಧವಿಲ್ಲ, ಅದಕ್ಕೆ ಬೇಕಾದ್ದು ರಕ್ತ ಮತ್ತು ಸಂದು, ಎಂದು ನನಗೆ ಗೊತ್ತು. ಆದರೂ ಔಷಧಿ ಹೊಡೆಯುವವರು ಬಂದ ದಿನ ವಾಚ್‌ಮನ್‌ಗೆ "ಜಿರಳೆಗೆ" ಎಂದೆ. ಜಿರಳೆ ಇದ್ದರೆ ಮರ್ಯಾದೆಗೆ ಕುಂದಿಲ್ಲ ನೋಡಿ.

ಬಂದ ಹುಡುಗ ಒಳ್ಳೆಯವನು. "ಮೊಟ್ಟೆಗೆ ಔಷಧಿ ನಾಟಲ್ಲ ಮೇಡಂ, ಎರಡು ವಾರ ಬಿಟ್ಟು ಮತ್ತೆ ಹೊಡೀಬೇಕು. ಊರಿಗೆ ಹೋಗಿ ಉಪವಾಸ ಕೆಡವ್ತೀನಿ ಅನ್ಬೇಡಿ, ತಿಂಗಳುಗಟ್ಲೆ ಕಾಯ್ತವೆ" ಎಂದ. ಹೊದಿಕೆ, ದಿಂಬಿನ ಚೀಲಗಳನ್ನೆಲ್ಲ 60 ಡಿಗ್ರಿ ನೀರಿನಲ್ಲಿ ಒಗೆದೆ. ಮಂಚದ ಸ್ಕ್ರೂ ಬಿಚ್ಚಿ, ತೂತುಗಳಿಗೆ ಕೆಟಲಿನಿಂದ ಕುದಿನೀರು ಹೊಯ್ದೆ, ಬಾಗಿಲು ಹಾಕಿಕೊಂಡು. ಇದು ಅಜ್ಜಿಯದೇ ವಿದ್ಯೆ, ಪ್ರೇಕ್ಷಕರಿಲ್ಲ ಅಷ್ಟೇ.

ಹಾಸಿಗೆಯನ್ನು ಬರೀ ಬಿಸಿಲಿಗೆ ಹಾಕಿದರೆ ಅವು ತಂಪಿರುವ ಒಳಭಾಗಕ್ಕೆ ಸರಿದುಕೊಳ್ಳುತ್ತವೆ, ಅಷ್ಟೇನೂ ಪ್ರಯೋಜನವಿಲ್ಲ. ಆದರೂ ಕೈ ಕೇಳಬೇಕಲ್ಲ. ಭಾನುವಾರ ಮಧ್ಯಾಹ್ನ, ಊರೆಲ್ಲ ಉಂಡು ಮಲಗಿರುವ ಹೊತ್ತು ನೋಡಿ, ನಾನೂ ಇವರೂ ಹಾಸಿಗೆ ಹೊತ್ತು ತಾರಸಿಗೆ ಹೋದೆವು. ಅಲ್ಲಿ ಆಗಲೇ ಒಂದು ಹಾಸಿಗೆ ಒರಗಿ ನಿಂತಿತ್ತು. ಪಕ್ಕದಲ್ಲಿ ಮೂರನೇ ಮಹಡಿಯ ಆಂಟಿ, ಕೈಯಲ್ಲಿ ಹಳೆಯ ಟೂತ್‌ಬ್ರಶ್ಶು.

"ಸ್ವಲ್ಪ ತೇವ ಆಗಿತ್ತು ಕಣ್ರೀ," ಎಂದರು.

"ನಮ್ಮದೂ ಅಷ್ಟೇ ಆಂಟಿ, ತೇವ," ಎಂದೆ.

ಇಬ್ಬರೂ ಒಬ್ಬರ ಹಾಸಿಗೆಯ ಹೊಲಿಗೆಯನ್ನು ಇನ್ನೊಬ್ಬರು ಬಗ್ಗಿ ನೋಡಿದೆವು. ಆಂಟಿಯೇ ಮೊದಲು ಸೋತರು. "ನಿಮಗೆ ಎಷ್ಟು ಸಿಕ್ವು?"